ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುತ್ತದೆಯೇ?

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಹತ್ತು ಸಾಲು ಬರೆದರೆ ಮಾರ್ಕು ಖಂಡಿತ. ಆದರೆ ಮೊಳಕೆ ನೋಡಿ ಸಿರಿ ಹೇಳುವುದು ಅಷ್ಟು ಸುಲಭವೇ? ಇದನ್ನೇ ಉದ್ಯೋಗ ಮಾಡಿಕೊಂಡು, ಕೋಟಿಗಟ್ಟಲೆ ಹಣ ಪಣಕ್ಕಿಟ್ಟು, ವರ್ಷವರ್ಷವೂ ಪರೀಕ್ಷೆಗೆ ಕೂರುವ ಜನ ಇದ್ದಾರೆ. ಅವರೇ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್.ಬಿ.ಎ.ಯ ತಂಡಗಳವರು. ಸಾಮಾನ್ಯವಾಗಿ ಜೂನ್ ತಿಂಗಳ ಕೊನೆಗೆ ಅವರು ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರಿಗೆ, ಅಂದರೆ ನಮ್ಮದೇ ವಯಸ್ಸಿನವರಿಗೆ, ಒಂದನೆಯವನು, ಎರಡನೆಯವನು ಅಂತ ನಂಬರು ಹಚ್ಚುತ್ತಾರೆ. ಆ ನಂಬರು ಹೇಗೆ ಬರುತ್ತದೆ, ಎಲ್ಲಿ ತಪ್ಪುತ್ತದೆ, ಅದನ್ನು ನಾವು ಹೇಗೆ ಓದಬೇಕು ಎಂಬುದೇ ಈ ಲೇಖನದ ವಿಷಯ.

ಡ್ರಾಫ್ಟ್ ಅಂದರೇನು?

ಕಾಮರ್ಸಿನವರಿಗೆ ಡ್ರಾಫ್ಟ್ ಅಂದಕೂಡಲೇ ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್ ನೆನಪಾಗುತ್ತದೆ. ಇದು ಅದಲ್ಲ. ಐ.ಪಿ.ಎಲ್. ಹರಾಜು ನಮಗೆಲ್ಲ ಗೊತ್ತಿರುವುದೇ. ಯಾರು ಹೆಚ್ಚು ಕೂಗುತ್ತಾರೋ ಆಟಗಾರ ಅವರ ಪಾಲು. ಎನ್.ಬಿ.ಎ. ಡ್ರಾಫ್ಟಿನಲ್ಲಿ ಕೂಗು ಇಲ್ಲ, ಸರದಿ ಇದೆ. ಮೂವತ್ತು ತಂಡ, ಎರಡು ಸುತ್ತು, ಹೆಚ್ಚೆಂದರೆ 60 ಆಯ್ಕೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮುಂದಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. ಬಡವನಿಗೆ ಮೊದಲು ಬಡಿಸುವ ಪದ್ಧತಿ ಅನ್ನಿ.

ಮೊದಲ ಡ್ರಾಫ್ಟ್ ನಡೆದದ್ದು 1947ರಲ್ಲಿ. ಸರದಿಯ ನಿಯಮ ಮಾತ್ರ ಹಲವು ಸಲ ಬದಲಾಗಿದೆ. 1984ರವರೆಗೆ ಮೊದಲ ಸ್ಥಾನಕ್ಕೆ ನಾಣ್ಯ ಚಿಮ್ಮುತ್ತಿದ್ದರು. ಬೇಕೆಂದೇ ಸೋಲುವ ತಂಡಗಳ ಮೇಲೆ ಅನುಮಾನ ಬಂದು 1985ರಿಂದ ಲಾಟರಿ ತಂದರು. 2019ರಲ್ಲಿ ತಂದ ನಿಯಮದಂತೆ ತೀರ ಕೆಳಗಿನ ಮೂರು ತಂಡಗಳಿಗೂ ಮೊದಲ ಸ್ಥಾನದ ಸಾಧ್ಯತೆ ತಲಾ ಶೇ. 14 ಮಾತ್ರ. 2025ರಲ್ಲಿ ಕೇವಲ ಶೇ. 1.8 ಸಾಧ್ಯತೆ ಇದ್ದ ಡಲ್ಲಾಸ್ ತಂಡಕ್ಕೆ ಮೊದಲ ಸರದಿ ಹೊಡೆದು, ಅವರು ಕೂಪರ್ ಫ್ಲಾಗ್ ಎಂಬ ಹುಡುಗನನ್ನು ಆರಿಸಿಕೊಂಡರು!

ಇಲ್ಲಿ ಹಣದ ವಿಷಯ ಸ್ವಲ್ಪ ತಿಳಿಯಬೇಕು. 1994ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಗ್ಲೆನ್ ರಾಬಿನ್‌ಸನ್ ಇನ್ನೂ ಒಂದೂ ಎನ್.ಬಿ.ಎ. ಪಂದ್ಯ ಆಡದೆ ಹತ್ತು ವರ್ಷಕ್ಕೆ 6 ಕೋಟಿ 80 ಲಕ್ಷ ಡಾಲರಿನ ಕರಾರು ಮಾಡಿಕೊಂಡ. ಮರುವರ್ಷವೇ, 1995ರಲ್ಲಿ, ಹೊಸಬರಿಗೆ ಸಂಬಳದ ಶ್ರೇಣಿ ಬಂತು. ಮೊದಲ ಸುತ್ತಿನಲ್ಲಿ ಎಷ್ಟನೆಯವನೋ ಅದರ ಮೇಲೆ ಸಂಬಳ. ಹೀಗಾಗಿ ಒಳ್ಳೆಯ ಹುಡುಗ ಸಿಕ್ಕಿದರೆ ನಾಲ್ಕು ವರ್ಷ ಅಗ್ಗದಲ್ಲಿ ಸಿಕ್ಕ ಹಾಗೆ. ಸರಿಯಾದವನು ಸಿಗದಿದ್ದರೆ ಹೋಗುವುದು ಸಂಬಳ ಮಾತ್ರ ಅಲ್ಲ, ಅದೇ ಸರದಿಯಲ್ಲಿ ಸಿಗಬಹುದಾಗಿದ್ದ ಇನ್ನೊಬ್ಬನೂ ಹೋದ. ಎಕನಾಮಿಕ್ಸಿನಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಬಾಯಿಪಾಠ ಮಾಡುತ್ತೇವಲ್ಲ, ಅದೇ ಇದು.

ಅಳೆಯುವ ಬಗೆ

ಮೊದಲನೆಯದು ಕಣ್ಣು. ತಂಡಗಳು ಕಳಿಸುವ ಸ್ಕೌಟ್‌ಗಳು ವರ್ಷವಿಡೀ ಊರೂರು ತಿರುಗಿ ಪಂದ್ಯ ನೋಡುತ್ತಾರೆ. (ಶಾಲೆಯಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟುತ್ತಿದ್ದ ಸ್ಕೌಟು ಬೇರೆ, ಇವರು ಬೇರೆ.) ನಾವು ಪಂದ್ಯ ನೋಡುವಾಗ ನಮ್ಮ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಸ್ಕೌಟಿನ ಕಣ್ಣು ಹುಡುಗನ ಕಾಲಿನ ಮೇಲೆ. ಕೈಯಲ್ಲಿ ಚೆಂಡಿಲ್ಲದಾಗ ಅವನು ಎಲ್ಲಿ ನಿಲ್ಲುತ್ತಾನೆ? ಹೊಡೆದದ್ದು ಬುಟ್ಟಿಗೆ ಬೀಳದಿದ್ದರೆ ಅಲ್ಲೇ ನಿಂತು ತಲೆ ಚಚ್ಚಿಕೊಳ್ಳುತ್ತಾನೋ, ಡಿಫೆನ್ಸಿಗೆ ಓಡುತ್ತಾನೋ? ಜೊತೆಗಾರ ಬಿಡುವಾಗುವ ಮುಂಚೆಯೇ ಪಾಸು ಕಾಣುತ್ತದೆಯೋ? ಅಂಕಪಟ್ಟಿಯಲ್ಲಿ ಬಾರದ ಸಂಗತಿಗಳು ಇವೇ.

ಎರಡನೆಯದು ಟೇಪು. ಡ್ರಾಫ್ಟಿಗೆ ಮುಂಚೆ ಶಿಕಾಗೋದಲ್ಲಿ ಒಂದು ಶಿಬಿರ ನಡೆಯುತ್ತದೆ; ಹೆಸರು ಕಂಬೈನ್. ಅಲ್ಲಿ ಬರಿಗಾಲಿನ ಎತ್ತರ, ಎರಡು ಕೈ ಚಾಚಿದಾಗ ತುದಿಯಿಂದ ತುದಿಗೆ ಎಷ್ಟು, ನಿಂತಲ್ಲಿಂದ ಕೈ ಎಲ್ಲಿಗೆ ಮುಟ್ಟುತ್ತದೆ, ಎಷ್ಟು ಎತ್ತರ ಹಾರುತ್ತಾನೆ, ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆ ಎಲ್ಲವೂ ಅಳತೆ. ಎತ್ತರಕ್ಕಿಂತ ಕೈಯ ಚಾಚು ಎಷ್ಟೋ ಸಲ ಮುಖ್ಯ, ಯಾಕಂದ್ರೆ ಚೆಂಡನ್ನು ತಡೆಯುವುದು ತಲೆಯಲ್ಲ, ಕೈ.

ಮೂರನೆಯದು ಲೆಕ್ಕ. ಒಬ್ಬ ಹುಡುಗ 30 ನಿಮಿಷ ಆಡಿ 15 ಅಂಕ ಗಳಿಸುತ್ತಾನೆ, ಇನ್ನೊಬ್ಬ 18 ನಿಮಿಷ ಆಡಿ 12. ಮೇಲ್ನೋಟಕ್ಕೆ ಮೊದಲನೆಯವನೇ ದೊಡ್ಡವನು. ಇಬ್ಬರನ್ನೂ 36 ನಿಮಿಷಕ್ಕೆ ತಂದು ನೋಡಿ: ಮೊದಲನೆಯವನದು 18, ಎರಡನೆಯವನದು 24! ಆದರೆ ಇಲ್ಲೂ ಹುಷಾರಾಗಿರಬೇಕು. ಕಡಿಮೆ ಹೊತ್ತು ಆಡುವವನಿಗೆ ದಣಿವು ಕಡಿಮೆ, ಎದುರಿಗಿದ್ದವರೂ ಬದಲಿ ಆಟಗಾರರೇ ಇರಬಹುದು.

ದೂರದಿಂದ ಹೊಡೆಯುವ ಮೂರಂಕದ ಹೊಡೆತ ಎನ್.ಬಿ.ಎ.ಗೆ ಬಂದದ್ದು 1979ರಲ್ಲಿ. ಇವತ್ತಿನ ಆಟವೆಲ್ಲ ಅದರ ಸುತ್ತಲೇ. ಕಾಲೇಜು ಋತುವಿನಲ್ಲಿ ಹುಡುಗನೊಬ್ಬ 100 ಸಲ ಹೊಡೆದು 35 ಹಾಕಿದ ಅನ್ನಿ. ಸ್ಟ್ಯಾಟಿಸ್ಟಿಕ್ಸಿನ ಸೂತ್ರ ಹಾಕಿದರೆ ಸ್ಟ್ಯಾಂಡರ್ಡ್ ಎರರ್ ಸುಮಾರು ಶೇ. 5. ಅಂದರೆ 30 ಹಾಕಿದವನಿಗೂ ಇವನಿಗೂ ಇರುವ ಅಂತರ ಬರೀ ಅದೃಷ್ಟವೂ ಆಗಿರಬಹುದು. ಆದ್ದರಿಂದ ಜಾಣರು ಫ್ರೀ ಥ್ರೋ ಲೆಕ್ಕವನ್ನೂ ನೋಡುತ್ತಾರೆ. ಅದು ಯಾವಾಗಲೂ 15 ಅಡಿ ದೂರದಿಂದ, ಅಡ್ಡ ಯಾರೂ ಇಲ್ಲ. ಅಲ್ಲಿ ಕೈ ಸರಿಯಾಗಿ ಓಡುವವನು ಮುಂದೆ ದೂರದ ಹೊಡೆತವನ್ನೂ ಕಲಿತಾನು ಎಂಬ ಭರವಸೆ.

ನಾಲ್ಕನೆಯದು ವಯಸ್ಸು ಮತ್ತು ಎದುರಾಳಿ. 2006ರ ಡ್ರಾಫ್ಟಿನಿಂದ ಆ ವರ್ಷ 19 ತುಂಬದವರನ್ನು ತೆಗೆದುಕೊಳ್ಳುವ ಹಾಗಿಲ್ಲ. 19ರ ಹುಡುಗನೂ 22ರ ಹುಡುಗನೂ ಸಮವಾಗಿ ಆಡಿದರೆ ಚಿಕ್ಕವನ ಬೆಲೆ ಹೆಚ್ಚು. ಹತ್ತನೇ ಕ್ಲಾಸಿನ ಲೆಕ್ಕವನ್ನು ಏಳನೆಯವನು ಬಿಡಿಸಿದರೆ ನಾವು ಬೆರಗಾಗುವುದಿಲ್ಲವೇ, ಹಾಗೆ. ಮತ್ತೆ ಆಡಿದ್ದು ಯಾರ ಎದುರು? ಲೂಕಾ ಡಾಂಚಿಚ್ 19ನೇ ವಯಸ್ಸಿಗೆ ರಿಯಲ್ ಮ್ಯಾಡ್ರಿಡ್ ತಂಡದಲ್ಲಿ ದೊಡ್ಡವರ ನಡುವೆ ಆಡಿ 2018ರಲ್ಲಿ ಯೂರೋಲೀಗಿನ ಶ್ರೇಷ್ಠ ಆಟಗಾರನಾದ. ಆದರೂ ಆ ವರ್ಷದ ಡ್ರಾಫ್ಟಿನಲ್ಲಿ ಅವನು ಮೂರನೆಯವನು. ಎರಡನೆಯ ಸರದಿಯಲ್ಲಿ ಅವನನ್ನು ಬಿಟ್ಟು ಮಾರ್ವಿನ್ ಬ್ಯಾಗ್ಲಿಯನ್ನು ತೆಗೆದುಕೊಂಡದ್ದು ಸ್ಯಾಕ್ರಮೆಂಟೊ ಕಿಂಗ್ಸ್. ಮರುವರ್ಷ ನಮ್ಮ ಮುಂಬಯಿಗೇ ಬಂದು, 2019ರ ಅಕ್ಟೋಬರಿನಲ್ಲಿ ವರಳಿಯ ಎನ್.ಎಸ್.ಸಿ.ಐ. ಡೋಮಿನಲ್ಲಿ ಇಂಡಿಯಾನಾ ತಂಡದೊಡನೆ ಎರಡು ಪ್ರದರ್ಶನ ಪಂದ್ಯ ಆಡಿದ್ದು ಇದೇ ತಂಡ. ಆಗ ಅದರ ಮಾಲೀಕತ್ವ ವಹಿಸಿದ್ದ ವಿವೇಕ್ ರಣದಿವೆಯವರು ಹುಟ್ಟಿದ್ದೂ ಮುಂಬಯಿಯಲ್ಲೇ. 2022ರಲ್ಲಿ ಬ್ಯಾಗ್ಲಿಯನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು.

ಪಟ್ಟಿ ಎಂಬ ಮಾಯೆ

ಇಷ್ಟೆಲ್ಲ ಸೇರಿಸಿ ಪಟ್ಟಿ ಮಾಡುತ್ತಾರೆ. ಇದರಲ್ಲಿ ಎರಡು ಜಾತಿ. 'ಬಿಗ್ ಬೋರ್ಡ್' ಎಂಬುದು ಯೋಗ್ಯತೆಯ ಪಟ್ಟಿ: ಯಾರು ಯಾರಿಗಿಂತ ಮೇಲು. 'ಮಾಕ್ ಡ್ರಾಫ್ಟ್' ಎಂಬುದು ಭವಿಷ್ಯವಾಣಿ: ಯಾರನ್ನು ಯಾವ ತಂಡ ಕರೆದೀತು. ಪತ್ರಿಕೆ ಓದುವವರು ಎರಡನ್ನೂ ಒಂದೇ ಅಂದುಕೊಂಡು ಜಗಳಾಡುತ್ತಾರೆ.

ಇನ್ನೊಂದು ಮಾತು. ಪಟ್ಟಿಯಲ್ಲಿ ಒಂದು, ಎರಡು, ಮೂರು ಅಂತ ಸಮ ಅಂತರದಲ್ಲಿ ಬರೆದಿದ್ದರೂ ನಿಜವಾದ ಅಂತರ ಸಮ ಇರುವುದಿಲ್ಲ. ಒಂದನೆಯವನಿಗೂ ಎರಡನೆಯವನಿಗೂ ನಡುವೆ ಘಟ್ಟದಷ್ಟು ಇಳಿಜಾರು ಇರಬಹುದು. ಎಂಟರಿಂದ ಇಪ್ಪತ್ತರವರೆಗೆ ಎಲ್ಲರೂ ಒಂದೇ ಬಯಲಿನಲ್ಲಿ ನಿಂತಿರಬಹುದು. ಅದಕ್ಕೇ ಅನುಭವಿಗಳು ಹುಡುಗರನ್ನು ಮೆಟ್ಟಿಲುಗಳಾಗಿ ವಿಂಗಡಿಸುತ್ತಾರೆ. ಬೇರೆ ಬೇರೆ ಮೆಟ್ಟಿಲಿನವರಾದರೆ ಮೇಲಿನವನನ್ನೇ ತೆಗೆದುಕೋ. ಒಂದೇ ಮೆಟ್ಟಿಲಿನವರಾದರೆ ತಂಡಕ್ಕೆ ಬೇಕಾದವನನ್ನು ತೆಗೆದುಕೋ ಎಂಬುದು ಸೂತ್ರ.

ಈ ಸೂತ್ರ ಮರೆತರೆ ಏನಾಗುತ್ತದೆ? 1984ನ್ನು ನೋಡಿ. ಮೊದಲ ಸರದಿಯ ಹ್ಯೂಸ್ಟನ್ ಹಕೀಮ್ ಒಲಾಜುವನ್‌ನನ್ನು ಒಯ್ದಿತು. ಅದರ ಬಗ್ಗೆ ತಕರಾರಿಲ್ಲ. ಎರಡನೆಯ ಸರದಿ ಪೋರ್ಟ್‌ಲೆಂಡಿನದು. ಅವರ ಹತ್ತಿರ ಗಾರ್ಡ್ ಸ್ಥಾನಕ್ಕೆ ಹಿಂದಿನ ವರ್ಷವಷ್ಟೇ ತೆಗೆದುಕೊಂಡಿದ್ದ ಕ್ಲೈಡ್ ಡ್ರೆಕ್ಸ್ಲರ್ ಇದ್ದ. ಬೇಕಾಗಿದ್ದವನು ಸೆಂಟರ್. ಕಾಲಿನ ಗಾಯದಿಂದ ಕಾಲೇಜಿನಲ್ಲಿ ಎರಡು ಪೂರ್ತಿ ಋತು ಆಡದೆ ಕೂತಿದ್ದ ಸ್ಯಾಮ್ ಬೋವಿಯನ್ನು ಆರಿಸಿಕೊಂಡರು. ಮೂರನೆಯ ಸರದಿಯ ಶಿಕಾಗೋಗೆ ಸಿಕ್ಕಿದವನು ಮೈಕೆಲ್ ಜೋರ್ಡನ್! ಬೋವಿ ಕೆಟ್ಟ ಆಟಗಾರನೇನಲ್ಲ. ಗಾಯದ ಮೇಲೆ ಗಾಯವಾದರೂ 1995ರವರೆಗೆ ಆಡಿದ. ಪಾಪ, ಜೋರ್ಡನ್‌ನ ಹೆಸರು ಬಂದಾಗಲೆಲ್ಲ ಅವನ ಹೆಸರನ್ನೂ ಎಳೆಯುತ್ತಾರೆ.

ತಪ್ಪಿಗೂ ದುರದೃಷ್ಟಕ್ಕೂ ವ್ಯತ್ಯಾಸ

ಆದರೆ ಫಲ ಕೆಟ್ಟದ್ದಾದ ಮಾತ್ರಕ್ಕೆ ನಿರ್ಧಾರವೂ ಕೆಟ್ಟದ್ದು ಅನ್ನಲಾಗದು. 2007ರಲ್ಲಿ ಮತ್ತೆ ಪೋರ್ಟ್‌ಲೆಂಡ್, ಈ ಸಲ ಮೊದಲ ಸರದಿ. ಗ್ರೆಗ್ ಓಡನ್ ಎಂಬ ಏಳಡಿಯ ಸೆಂಟರನ್ನು ತೆಗೆದುಕೊಂಡರು. ಎರಡನೆಯವನು ಕೆವಿನ್ ಡ್ಯೂರಾಂಟ್. ಡ್ರಾಫ್ಟಿನ ಮುಂಚಿನ ಶಿಬಿರದಲ್ಲಿ 185 ಪೌಂಡ್ ಅಂದರೆ ಸುಮಾರು 84 ಕಿಲೋ ಭಾರವನ್ನು ಡ್ಯೂರಾಂಟ್ ಮಲಗಿಕೊಂಡು ಒಂದು ಸಲವೂ ಎತ್ತಲಾಗಲಿಲ್ಲ. ಆದರೂ ಅವನು ಎರಡನೆಯವನಾದ ಎಂದರೆ ನೋಡುವವರು ಸರಿಯಾಗಿಯೇ ನೋಡಿದ್ದರು. ಓಡನ್‌ನ ಮೊಣಕಾಲು ಕೈಕೊಟ್ಟಿತು. ಅವನು ಆಡಿದ ಒಟ್ಟು ಎನ್.ಬಿ.ಎ. ಪಂದ್ಯ 105. ಡ್ಯೂರಾಂಟ್ 2014ರಲ್ಲಿ ಲೀಗಿನ ಶ್ರೇಷ್ಠ ಆಟಗಾರ. ಇದರಲ್ಲಿ ವಿಧಿಯ ಪಾಲೂ ದೊಡ್ಡದು.

ಇನ್ನು ಕೆಲವು ತಪ್ಪುಗಳು ಕಣ್ಣಿನವು. ಮೈಕೆಲ್ ಲೂಯಿಸ್ 2016ರಲ್ಲಿ ಪ್ರಕಟಿಸಿದ 'ದಿ ಅನ್‌ಡೂಯಿಂಗ್ ಪ್ರಾಜೆಕ್ಟ್' ಪುಸ್ತಕದಲ್ಲಿ ಹ್ಯೂಸ್ಟನ್ ತಂಡದ ಡ್ಯಾರಿಲ್ ಮೋರಿ ಎಂಬವರ ಅನುಭವ ಬರುತ್ತದೆ. 2007ರಲ್ಲಿ ಇವರ ಲೆಕ್ಕ ಮಾರ್ಕ್ ಗಸೋಲ್ ಒಳ್ಳೆಯವನು ಅಂದಿತು. ಆದರೆ ಅವನ ಅಂಗಿಯಿಲ್ಲದ ಫೋಟೋ ನೋಡಿ, ಮೈ ಸಡಿಲವಾಗಿದೆ ಅಂತ ಸ್ಕೌಟುಗಳು ಅಡ್ಡಹೆಸರಿಟ್ಟು ನಕ್ಕರು. 48ನೆಯವನಾಗಿ ಬೇರೆ ತಂಡಕ್ಕೆ ಹೋದ ಅವನೇ 2013ರಲ್ಲಿ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರನಾದ. 2010ರಲ್ಲಿ ಹಾರ್ವರ್ಡಿನ ಜೆರೆಮಿ ಲಿನ್ ಲೆಕ್ಕದ ಪ್ರಕಾರ 15ನೆಯ ಸ್ಥಾನದವನು. ಚೀನೀ ಮೂಲದ ಹುಡುಗ, ನೋಡಿದರೆ ಬ್ಯಾಸ್ಕೆಟ್‌ಬಾಲ್ ಆಟಗಾರ ಅನ್ನಿಸುವುದಿಲ್ಲ ಅಂತ ಅರವತ್ತರಲ್ಲಿ ಒಬ್ಬರೂ ಕರೆಯಲಿಲ್ಲ. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ತಂಡದಲ್ಲಿ ಅವನ ಆಟ ನೋಡಿ ಊರೇ ಹುಚ್ಚಾಯಿತು. ಅನಂತರ ಮೋರಿ ಒಂದು ಕಟ್ಟಳೆ ಹಾಕಿದರು: ಹುಡುಗನೊಬ್ಬನನ್ನು ಇನ್ನೊಬ್ಬ ಆಟಗಾರನಿಗೆ ಹೋಲಿಸುವುದಾದರೆ ಬೇರೆ ಜನಾಂಗದವನಿಗೇ ಹೋಲಿಸಿ. ಆಗ ಎಷ್ಟೋ ಹೋಲಿಕೆಗಳು ತಾವಾಗಿಯೇ ಬಿದ್ದುಹೋದವು!

ನನಗೆ ಇಲ್ಲಿ ನಮ್ಮ ಕ್ಯಾಂಪಸ್ ಇಂಟರ್‌ವ್ಯೂಗಳು ನೆನಪಾಗುತ್ತವೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರು ಇಂಗ್ಲಿಷಿನಲ್ಲಿ ತಡವರಿಸುವ ಹತ್ತು ನಿಮಿಷದಲ್ಲಿ ಎದುರಿಗೆ ಕೂತವರು ಏನು ಅಳೆಯುತ್ತಾರೆ? ಲೆಕ್ಕಪತ್ರ ಬರೆಯುವ ಕೈಯನ್ನೋ, ತಮಗೆ ಪರಿಚಯವಿರುವ ಒಂದು ಮಾದರಿಯನ್ನೋ? ನಮ್ಮಲ್ಲಿ ಯಾರಾದರೂ ಮುಂದೆ ಆ ಕುರ್ಚಿಯಲ್ಲಿ ಕೂತರೆ ಮೋರಿಯವರ ಕಟ್ಟಳೆಯನ್ನು ನೆನಪಿಡಬೇಕು.

ಮಾರುಕಟ್ಟೆಯೇ ಬದಲಾಗುವುದೂ ಉಂಟು. 2015ರಲ್ಲಿ ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 52ನೆಯವನಾಗಿ ಡಲ್ಲಾಸ್‌ಗೆ ಆಯ್ಕೆಯಾದ; ಭಾರತದಲ್ಲಿ ಹುಟ್ಟಿ ಡ್ರಾಫ್ಟಿನಲ್ಲಿ ಹೆಸರು ಬಂದ ಮೊದಲಿಗ. ಎತ್ತರ ಏಳಡಿ ಎರಡಂಗುಲ. ಕೆಳಗಿನ ಲೀಗಿನಲ್ಲಿ ಟೆಕ್ಸಸ್ ಲೆಜೆಂಡ್ಸ್ ಪರ ಆಡಿದ, ಎನ್.ಬಿ.ಎ. ಋತುವಿನ ಪಂದ್ಯ ಆಡಲು ಅವಕಾಶ ಬರಲಿಲ್ಲ. ಆ ಹೊತ್ತಿಗೇ ಲೀಗ್ ಮೂರಂಕದ ಹೊಡೆತದ ಕಡೆ ವಾಲಿ, ಬುಟ್ಟಿಯ ಕೆಳಗೆ ನಿಲ್ಲುವ ಭಾರೀ ಆಟಗಾರನಿಗೆ ಬೇಡಿಕೆ ಇಳಿದಿತ್ತು.

ನಂಬರು ಮತ್ತು ಮನುಷ್ಯ

2013ರಲ್ಲಿ ಮೊದಲನೆಯವನು ಆಂಟನಿ ಬೆನೆಟ್. ನಾಲ್ಕು ಋತುವಿನಲ್ಲಿ ನಾಲ್ಕು ತಂಡ ಕಂಡು ಎನ್.ಬಿ.ಎ.ಯಿಂದ ಹೊರಬಿದ್ದ. ಅದೇ ವರ್ಷ 15ನೆಯವನು ಗ್ರೀಸಿನ ಎರಡನೇ ದರ್ಜೆಯ ಲೀಗಿನಿಂದ ಬಂದ ಯಾನಿಸ್ ಅಂಟೆಟೊಕುಂಪೊ. 2019, 2020ರಲ್ಲಿ ಶ್ರೇಷ್ಠ ಆಟಗಾರ. 2014ರಲ್ಲಿ ಸರ್ಬಿಯಾದ ನಿಕೋಲಾ ಯೋಕಿಚ್ 41ನೆಯವನು. ಅವನ ಹೆಸರು ಕರೆಯುವಾಗ ಟಿ.ವಿ.ಯಲ್ಲಿ ತಿಂಡಿಯ ಜಾಹೀರಾತು ಬರುತ್ತಿತ್ತಂತೆ! ಅವನು 2021, 2022, 2024ರಲ್ಲಿ ಶ್ರೇಷ್ಠ ಆಟಗಾರ. ಡೆಟ್ರಾಯ್ಟ್ ತಂಡ 2003ರಲ್ಲಿ ಎರಡನೆಯ ಸರದಿಯನ್ನು ಡಾರ್ಕೋ ಮಿಲಿಚಿಚ್ ಮೇಲೆ ಕಳೆದುಕೊಂಡಿತು ಅಂತ ಎಲ್ಲರೂ ಹೇಳುತ್ತಾರೆ. 2004ರಲ್ಲಿ ಅದೇ ತಂಡ ಚಾಂಪಿಯನ್ ಆದಾಗ ಸೆಂಟರ್ ಸ್ಥಾನದಲ್ಲಿ ನಿಂತಿದ್ದ ಬೆನ್ ವಾಲೆಸ್, ಡ್ರಾಫ್ಟಿನಲ್ಲಿ ಯಾರೂ ಕರೆಯದೆ ಬಿಟ್ಟವನು ಎಂಬುದನ್ನು ಮಾತ್ರ ಮರೆಯುತ್ತಾರೆ.

ಹಾಗಾದರೆ ಈ ಅಳತೆಯೆಲ್ಲ ಸುಳ್ಳೇ? ಹಾಗಲ್ಲ. 2003ರಲ್ಲಿ ಲೆಬ್ರಾನ್ ಜೇಮ್ಸ್ ಮೊದಲನೆಯವನಾದ, ಆಗಲೇಬೇಕಿತ್ತು. ಒಟ್ಟಾರೆ ನೋಡಿದರೆ ಮೇಲಿನ ಸ್ಥಾನದವರೇ ಹೆಚ್ಚಾಗಿ ಚೆನ್ನಾಗಿ ಆಡುತ್ತಾರೆ. ಪಟ್ಟಿ ಗುಂಪಿನ ಬಗ್ಗೆ ಹೇಳುವ ಮಾತು ಸಾಮಾನ್ಯವಾಗಿ ನಿಜ. ಒಬ್ಬೊಬ್ಬನ ಬಗ್ಗೆ ಹೇಳುವ ಮಾತು ಊಹೆ. ಷೇರಿನ ಇವತ್ತಿನ ಬೆಲೆ ಕಂಪನಿಯ ಬಗ್ಗೆ ಕೊನೆಯ ತೀರ್ಪಲ್ಲ ಎಂದು ನಾವು ಓದುತ್ತೇವೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಹಚ್ಚಿದ ನಂಬರೂ ಅಂಥದೇ ಒಂದು ದಿನದ ಬೆಲೆ.

ಕೊನೆಯಲ್ಲಿ ಒಂದು ಸೂಚನೆ. ಮುಂದಿನ ಡ್ರಾಫ್ಟಿಗೆ ಮುಂಚೆ ಆಸಕ್ತಿ ಇರುವ ಮಿತ್ರರು ಹತ್ತು ಹೆಸರಿನ ಪಟ್ಟಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಎರಡು ಸಾಲು ಕಾರಣ ಇರಲಿ: ಕಂಡದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಬೇರೆಯಾಗಿ. ಲಕೋಟೆಯಲ್ಲಿ ಹಾಕಿ ನಮ್ಮ ಸಂಘದ ಕಪಾಟಿನಲ್ಲಿ ಇಡೋಣ. ನಾಲ್ಕು ವರ್ಷದ ಮೇಲೆ ಆಗಿನ ಕಾರ್ಯದರ್ಶಿ ತೆಗೆದು ಗೋಡೆಪತ್ರಿಕೆಗೆ ಅಂಟಿಸಲಿ. ಯಾರ ಊಹೆ ಗೆದ್ದಿತು ಎಂಬುದಕ್ಕಿಂತ ಯಾರ ಕಾರಣಗಳು ಉಳಿದವು ಅಂತ ಓದಿದರೆ ಗಾದೆಯನ್ನು ಇನ್ನೊಮ್ಮೆ, ಸ್ವಲ್ಪ ಬೇರೆ ರೀತಿ, ವಿಸ್ತರಿಸಿ ಬರೆದ ಹಾಗಾಗುತ್ತದೆ.