ಗಾಳಿಯಂತ್ರದ ರೆಕ್ಕೆಯ ಬಾಗನ್ನು ಬೆಳಕಿನಿಂದಳೆಯುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ ಗಾಳಿಗೆ ಅಡ್ಡಿಯಿಲ್ಲ. ಹಿಂದೆ ಕಣದಲ್ಲಿ ರಾಶಿ ತೂರಲು ರೈತರು ಕಾಯುತ್ತಿದ್ದುದು ಆ ಗಾಳಿಯನ್ನೇ. ಈಗ ನಮ್ಮ ವಿಜಯಪುರ ಜಿಲ್ಲೆಯ ಹೊಲಗಳ ನಡುವೆ ವಿದ್ಯುತ್ತನ್ನೀಯುವ ಗಾಳಿಯಂತ್ರಗಳು ತಲೆಯೆತ್ತಿ ನಿಂತಿವೆ.

ದೂರದಿಂದ ನೋಡುವವರಿಗೆ ಅವುಗಳ ರೆಕ್ಕೆ ಮಂದಗತಿಯದೆಂದು ತೋರುವುದು. ಅದು ಭ್ರಾಂತಿ. 50 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 12 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 63 ಮೀಟರ್, ಅಂದರೆ ಗಂಟೆಗೆ 226 ಕಿಲೋಮೀಟರ್. ಗಾಜಿನ ನಾರು, ರಾಳಗಳಿಂದಾದ ಆ ರೆಕ್ಕೆ ಬಲವಾದ ಗಾಳಿಗೆ ಕಂಬದತ್ತ ಬಾಗುತ್ತದೆ. ಬಾಗುವುದು ದೋಷವಲ್ಲ, ಮಿತಿಮೀರಿ ಬಾಗಿ ಕಂಬಕ್ಕೆ ತಗುಲಿದರೆ ಮುರಿದ ತುಂಡು ಕೆಳಗೆ ಕಳೆ ಕೀಳುವವರ ಮೇಲೆ ಬಿದ್ದೀತು. (ಹಕ್ಕಿಯಂತೆ ಬಡಿಯದ ಇದಕ್ಕೆ ರೆಕ್ಕೆಯೆಂಬ ಹೆಸರೇಕೆಂದು ವೈಯಾಕರಣರು ಆಕ್ಷೇಪಿಸಬಹುದು, ಬಾಗುವ ಗುಣವನ್ನು ಕಂಡರೆ ಹೆಸರು ಸಾರ್ಥಕವೆಂದೇ ನನ್ನ ಮತ.)

ತಿರುಗುವ ರೆಕ್ಕೆಯನ್ನು ಮುಟ್ಟಿ ಅಳೆಯಲಾಗದು. ಆದುದರಿಂದ ವಿಜ್ಞಾನಿಗಳು ಬೆಳಕಿನ ಮೊರೆಹೊಕ್ಕರು. ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ, ರಸ್ತೆಯ ಫಲಕಗಳಲ್ಲಿರುವಂಥ ಬಿಲ್ಲೆಗಳನ್ನು ರೆಕ್ಕೆಗೆ ಅಲ್ಲಲ್ಲಿ ಅಂಟಿಸುತ್ತಾರೆ. ನೆಲದ ಮೇಲೆ ದೂರದೂರ ನಿಲ್ಲಿಸಿದ ಕ್ಯಾಮೆರಾಗಳು ಏಕಕಾಲಕ್ಕೆ ಚಿತ್ರ ತೆಗೆಯುತ್ತವೆ. ಎರಡು ಕಣ್ಣುಗಳಿಂದ ನಾವು ದೂರವನ್ನರಿಯುವಂತೆ, ಆ ಚಿತ್ರಗಳ ಕೋನಭೇದದಿಂದ ಪ್ರತಿ ಬಿಲ್ಲೆಯ ನೆಲೆ ಗಣಿತಕ್ಕೆ ಸಿಕ್ಕುತ್ತದೆ. ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದಿದ್ದರೂ ತುದಿಯು 6 ಸೆಂಟಿಮೀಟರ್ ಸರಿದು ಚಿತ್ರ ಮಸುಕಾಗುವುದು. ಅದಕ್ಕಾಗಿ ಇನ್ನೂ ಕಿರಿದಾದ ಅವಧಿಯ ಮಿಂಚುಬೆಳಕನ್ನು ಹಾಯಿಸುತ್ತಾರೆ.

ಇನ್ನೊಂದು ಉಪಾಯವೂ ಉಂಟು. ಕೂದಲೆಳೆಯಂಥ ಗಾಜಿನ ತಂತುವನ್ನು ರೆಕ್ಕೆಯೊಳಗೆ ಹುದುಗಿಸಿ ಬೆಳಕು ಬಿಡುವುದು. ತಂತುವಿನೊಳಗೆ ಮೂಡಿಸಿದ ಸೂಕ್ಷ್ಮ ಪಟ್ಟೆಗಳು ನಿರ್ದಿಷ್ಟ ತರಂಗಾಂತರದ ಬೆಳಕನ್ನಷ್ಟೇ ಹಿಂದಿರುಗಿಸುತ್ತವೆ. ರೆಕ್ಕೆ ಬಾಗಿ ತಂತು ಹಿಗ್ಗಿದಾಗ ಆ ತರಂಗಾಂತರ ತುಸು ಬದಲಾಗುವುದು. ಮಂಜು, ಧೂಳುಗಳ ಅಡ್ಡಿ ಇದಕ್ಕಿಲ್ಲ. ಬಾಗು ಮಿತಿಮೀರುವ ಸೂಚನೆ ದೊರೆತರೆ ರೆಕ್ಕೆಯ ಓರೆಯನ್ನು ತಿರುಗಿಸಿ ಗಾಳಿಯ ಹಿಡಿತವನ್ನು ತಗ್ಗಿಸಬಹುದು.