ಮೋಟಾರಿನ ತೈಲಪಾತ್ರೆಯೂ ಅದರ ತಂಪೂ

ಮೋಟಾರು ಗಾಡಿಯು ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿದ್ದಿತು. ಇಂದು ಹಾಗಿಲ್ಲ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಯಾವ ಓಣಿಯನ್ನು ಹೊಕ್ಕರೂ ಮನೆಯ ಮುಂದೆ ಕಾರೋ ಟ್ರ್ಯಾಕ್ಟರೋ ಸರಕಿನ ಗಾಡಿಯೋ ನಿಂತಿರುವುದನ್ನು ಕಾಣುತ್ತೇವೆ. ಎಷ್ಟೋ ಮನೆತನಗಳಲ್ಲಿ ಎತ್ತಿನ ಜೋಡಿಯು ಕಟ್ಟಿರುತ್ತಿದ್ದ ಸ್ಥಳದಲ್ಲಿ ಈಗ ಇಂಜಿನೊಂದು ನಿಂತಿದೆ. ಎತ್ತಿಗೆ ಜ್ವರ ಬಂದರೆ ಒಕ್ಕಲಿಗನು ಅದರ ಕಿವಿಯನ್ನು ಮುಟ್ಟಿ ತಿಳಿದುಕೊಳ್ಳುವನು. ಇಂಜಿನಿಗೆ ಜ್ವರ ಬಂದುದನ್ನು ತಿಳಿಯುವವರು ಮಾತ್ರ ವಿರಳ. ಸಾಲದ ಕಂತು ಇನ್ನೂ ತೀರದಿರುವಾಗಲೇ ಇಂಜಿನು ಕೆಟ್ಟು, ಬೋರು ಮಾಡಿಸುವ ವೆಚ್ಚಕ್ಕಾಗಿ ಮತ್ತೊಂದು ಸಾಲಕ್ಕೆ ಕೈಯೊಡ್ಡುವ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಆದುದರಿಂದ ಈ ತಿಂಗಳು ಇಂಜಿನಿನ ತೈಲವನ್ನೂ, ಅದು ತಂಗುವ ಪಾತ್ರೆಯನ್ನೂ, ಅದರ ಉಷ್ಣಮಾನವನ್ನು ತಗ್ಗಿಸುವ ಬಗೆಯನ್ನೂ ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ.

ಪಂದ್ಯದ ಕಾರುಗಳನ್ನು ಓಡಿಸುವವರು ತಮ್ಮ ಗಾಡಿಯ ತೈಲಪಾತ್ರೆಯನ್ನು ತೆಗೆದು, ಅದಕ್ಕಿಂತ ದೊಡ್ಡದಾದ, ಹೊರಮೈಗೆ ಏಣುಗಳುಳ್ಳ ಅಲ್ಯೂಮಿನಿಯಮ್ ಪಾತ್ರೆಯನ್ನು ಕೂಡಿಸುತ್ತಾರೆ. ಇದನ್ನು ಕೇಳಿ ನಮ್ಮ ತರುಣರೂ ‘ನಮ್ಮ ಗಾಡಿಗೂ ಹಾಗೆಯೇ ಮಾಡಿಸಿದರೆ ಹೇಗೆ?’ ಎಂದು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದುದು. ಉತ್ತರವನ್ನು ಕೊಡುವ ಮೊದಲು ಆ ಪಾತ್ರೆಯ ಕೆಲಸವೇನೆಂಬುದನ್ನು ತಿಳಿಯಬೇಕು.

ಪಾತ್ರೆಯ ಕೆಲಸ

ಇಂಜಿನಿನ ಅಡಿಯಲ್ಲಿ ಬೋಗುಣಿಯ ಆಕಾರದ ಒಂದು ಪಾತ್ರೆಯಿರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ‘ಚೇಂಬರು’ ಎನ್ನುತ್ತಾರೆ. ಸಾಧಾರಣ ಕಾರಿನಲ್ಲಿ ಮೂರರಿಂದ ಐದು ಲೀಟರಿನಷ್ಟು ತೈಲವು ಇದರಲ್ಲಿ ನಿಲ್ಲುವುದು. ಇಂಜಿನು ತಿರುಗಲಾರಂಭಿಸಿದೊಡನೆ ಪಂಪು ಒಂದು ಹೀರುಗೊಳವೆಯ ಮೂಲಕ ಈ ತೈಲವನ್ನು ಮೇಲೆಳೆದು, ಸೋಸಿ, ಕ್ರ್ಯಾಂಕಿನ ಬೇರಿಂಗುಗಳಿಗೂ ಇತರ ಭಾಗಗಳಿಗೂ ಒತ್ತಿ ಕಳುಹಿಸುತ್ತದೆ. ಕೆಲಸವನ್ನು ಮುಗಿಸಿದ ತೈಲವು ತೊಟ್ಟಿಕ್ಕುತ್ತ ಮರಳಿ ಪಾತ್ರೆಗೆ ಬಂದು ಸೇರುತ್ತದೆ. ಹೀಗೆ ಅದು ಒಂದೊಂದು ಗಳಿಗೆಯಲ್ಲಿಯೂ ಹಲವು ಸುತ್ತು ಹೊಡೆಯುವುದು.

ತೈಲವು ಜಾರಿಕೆಗಾಗಿ ಮಾತ್ರ ಇರುವುದೆಂದು ಅನೇಕರ ತಿಳಿವಳಿಕೆ. ಅದು ಅರ್ಧ ಸತ್ಯವು. ರೇಡಿಯೇಟರಿನ ನೀರು ತಲುಪಲಾರದ ಎಡೆಗಳಿಂದ ಕಾವನ್ನು ಹೊತ್ತು ತರುವ ಕೆಲಸವೂ ತೈಲದ್ದೇ. ಪಿಸ್ಟನ್ನಿನ ಉಂಗುರಗಳ ಬಳಿ ಅದು 200 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ ಕಾವನ್ನು ಕಾಣುತ್ತದೆ. ಹೀಗೆ ಹೊತ್ತು ತಂದ ಕಾವಿನಲ್ಲಿ ಒಂದಿಷ್ಟನ್ನು ಇಳಿಸಿಕೊಳ್ಳುವ ತಾಣವೇ ಅಡಿಯ ಪಾತ್ರೆ. ಗಾಡಿಯು ಓಡುವಾಗ ಕೆಳಗಿನಿಂದ ಬೀಸುವ ಗಾಳಿಯು ಪಾತ್ರೆಯ ಮೈಯನ್ನು ಸವರಿ ಕಾವನ್ನು ಒಯ್ಯುತ್ತದೆ.

ತೈಲವು ಎಷ್ಟು ಕಾದಿರಬೇಕು?

ಪಾತ್ರೆಯಲ್ಲಿನ ತೈಲವು ಸಾಮಾನ್ಯವಾಗಿ 90ರಿಂದ 110 ಡಿಗ್ರಿಯೊಳಗೆ ಇದ್ದರೆ ಇಂಜಿನಿಗೆ ಹಿತವು. ಇದಕ್ಕಿಂತ ಮೇಲೇರಿದಂತೆ ಎರಡು ಬಗೆಯ ಕೇಡುಗಳು ಉಂಟಾಗುತ್ತವೆ. ಮೊದಲನೆಯದು ತೈಲವು ನೀರಾಗುವುದು. ಲಾರಿ ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ ಬಳಸುವ 15ಡಬ್ಲ್ಯೂ-40 ಎಂಬ ತೈಲವು 40 ಡಿಗ್ರಿಯಲ್ಲಿ ಇರುವ ಮಂದತೆಯ ಏಳೆಂಟನೆಯ ಒಂದು ಪಾಲನ್ನು ಮಾತ್ರ 100 ಡಿಗ್ರಿಯಲ್ಲಿ ಉಳಿಸಿಕೊಳ್ಳುತ್ತದೆ. 130 ಡಿಗ್ರಿಗೆ ಏರಿದರೆ ಅದರಲ್ಲಿಯೂ ಸುಮಾರು ಅರ್ಧವು ಹೋಗುತ್ತದೆ. ಬೇರಿಂಗಿನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ತಲೆಗೂದಲಿಗಿಂತಲೂ ಬಹು ತೆಳುವಾದ ತೈಲದ ಪೊರೆಯೊಂದೇ. ಆ ಪೊರೆಯು ಹರಿಯಿತೆಂದರೆ ಲೋಹವು ಲೋಹವನ್ನು ಕಡಿಯುವುದು.

ಎರಡನೆಯ ಕೇಡು ತೈಲದ ಮುಪ್ಪು. ಉಷ್ಣಮಾನವು ಪ್ರತಿ 10 ಡಿಗ್ರಿ ಹೆಚ್ಚಿದಂತೆ ತೈಲವು ಕೆಡುವ ವೇಗವು ಸುಮಾರು ಇಮ್ಮಡಿಯಾಗುವುದೆಂಬುದು ಯಂತ್ರಜ್ಞರ ಸ್ಥೂಲವಾದ ಲೆಕ್ಕ. ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮಿರ್ಚಿ ಭಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಒಲೆಗೇರಿಸಿದರೆ ಅದು ಕಪ್ಪಾಗಿ, ಅಂಟಾಗಿ, ಕಮಟು ಹಿಡಿಯುವುದನ್ನು ಅವರು ದಿನವೂ ಬಲ್ಲರು. ಇಂಜಿನಿನ ಒಳಗೂ ನಡೆಯುವುದು ಅದೇ.

ಪಂದ್ಯದ ಕಾರುಗಳ ಉಪಾಯ

ವೇಗದ ಕಾರುಗಳಲ್ಲಿ ಈ ತೊಂದರೆಯು ತೀವ್ರವಾಗಿರುತ್ತದೆ. ಅಲ್ಲಿ ಕ್ರ್ಯಾಂಕು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುತ್ತಿರುವುದರಿಂದ ತಿಕ್ಕಾಟದ ಕಾವು ಬಹಳ. ಅಲ್ಲದೆ ಗಾಡಿಯು ತಿರುವಿನಲ್ಲಿ ಭರದಿಂದ ಹೊರಳಿದಾಗ ಪಾತ್ರೆಯ ತೈಲವು ಒಂದು ಮಗ್ಗುಲಿಗೆ ಏರಿ, ಹೀರುಗೊಳವೆಯು ಬರಿಯ ಗಾಳಿಯನ್ನು ಹೀರುವ ಅಪಾಯವೂ ಉಂಟು. ಕೊಡದಲ್ಲಿ ನೀರನ್ನು ತರುವಾಗ ಅದು ತುಳುಕುವುದನ್ನು ನೆನೆದರೆ ಈ ಮಾತು ಮನವರಿಕೆಯಾಗುವುದು.

ಇದಕ್ಕೆ ಉಪಾಯಗಳನ್ನು ಹುಡುಕುವ ಕೆಲಸವು ಬಹು ಹಿಂದೆಯೇ ನಡೆದಿದೆ. 1924ರಲ್ಲಿ ಫ್ರಾನ್ಸಿನ ಲಿಯಾನ್ ಪಂದ್ಯದಲ್ಲಿ ಮೊದಲು ಕಾಣಿಸಿಕೊಂಡ ಬುಗಾಟಿ ಕಂಪನಿಯ 35ನೆಯ ಮಾದರಿಯ ಕಾರಿನಲ್ಲಿ ತೈಲಪಾತ್ರೆಯ ಒಡಲಿನಲ್ಲಿಯೇ ಕೊಳವೆಗಳನ್ನು ಹಾಯಿಸಿದ್ದರು. ಎದುರುಗಾಳಿಯು ಆ ಕೊಳವೆಗಳಲ್ಲಿ ನುಗ್ಗಿ ತೈಲವನ್ನು ತಂಪುಗೊಳಿಸುತ್ತಿದ್ದಿತು. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿ ಅಡಿಯ ಪಾತ್ರೆಯಲ್ಲಿ ತೈಲವನ್ನು ನಿಲ್ಲಗೊಡದೆ, ಅದನ್ನು ಪಂಪಿನಿಂದ ಎತ್ತಿ ಬೇರೊಂದು ತೊಟ್ಟಿಗೆ ಸಾಗಿಸುವ ಏರ್ಪಾಡಿದ್ದಿತು. ಪೋರ್ಷೆ 911 ಕಾರು 1998ರ ತನಕ ಗಾಳಿಯಿಂದ ತಂಪಾಗುವ ಇಂಜಿನಿನೊಡನೆ ಹೊರಬರುತ್ತಿದ್ದಿತಷ್ಟೆ. ಅದರಲ್ಲಿಯೂ ತೈಲಕ್ಕೆ ಬೇರೆ ತೊಟ್ಟಿಯಿದ್ದು, ಕಾವನ್ನು ಹೊರುವ ಭಾರವು ಬಹುಮಟ್ಟಿಗೆ ಆ ತೈಲದ ಮೇಲೆಯೇ ಬಿದ್ದಿದ್ದಿತು.

ಹೊಸ ಪಾತ್ರೆಯಿಂದ ನಿಜವಾದ ಲಾಭವೆಷ್ಟು?

ಇನ್ನು ಮಾರಾಟಕ್ಕೆ ಬರುವ ಹೊಸ ಪಾತ್ರೆಗಳ ಗುಣವನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು, ಹೆಚ್ಚಿನ ಅಳತೆ. ನಾಲ್ಕು ಲೀಟರಿನ ಬದಲು ಆರು ಲೀಟರು ಹಿಡಿದರೆ ತೈಲವು ತಡವಾಗಿ ಕಾಯುವುದು. ಆದರೆ ತಡವಾಗಿ ಕಾಯುವುದು ಬೇರೆ, ಕಡಿಮೆ ಕಾಯುವುದು ಬೇರೆ. ದೊಡ್ಡ ಹಂಡೆಯ ನೀರು ತಡವಾಗಿ ಕಾಯುತ್ತದೆ. ಉರಿಯು ನಿಲ್ಲದಿದ್ದರೆ ಕೊನೆಗೆ ಅದೂ ಕುದಿಯುತ್ತದೆ. ಇಪ್ಪತ್ತು ನಿಮಿಷದ ಪಂದ್ಯದಲ್ಲಿ ಈ ತಡವೇ ದೊಡ್ಡ ಲಾಭ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ತುಂಬಿಕೊಂಡು, ಮೋಟೆಬೆನ್ನೂರಿನಲ್ಲಿ ಹೆದ್ದಾರಿಯನ್ನು ಹಿಡಿದು, ಇಡೀ ದಿನ ಓಡುವ ಗಾಡಿಗೆ ಅದರಿಂದ ವಿಶೇಷವಾದ ತಂಪು ದೊರೆಯಲಾರದು. ಹೆಚ್ಚು ತೈಲವು ಮೆಲ್ಲಗೆ ಮುಪ್ಪಾಗುವುದೆಂಬ ಲಾಭ ಮಾತ್ರ ಉಂಟು.

ಎರಡನೆಯದು, ಏಣುಗಳು. ಬಿಸಿ ಚಹವನ್ನು ಬಸಿಗೆ ಸುರುವಿಕೊಂಡರೆ ಬೇಗನೆ ಆರುವುದೇಕೆ? ಮೈ ಹರವಾಗಿ ಗಾಳಿಗೆ ಒಡ್ಡಿಕೊಳ್ಳುವುದರಿಂದ. ಮೋಟಾರು ಸೈಕಲ್ಲಿನ ಇಂಜಿನಿನ ಮೇಲೆ ಸಾಲುಸಾಲಾಗಿ ಕಾಣುವ ಏಣುಗಳ ಮರ್ಮವೂ ಇದೇ. ಪಾತ್ರೆಯ ಹೊರಮೈಯಲ್ಲಿ ಅಂತಹ ಏಣುಗಳಿದ್ದು ಗಾಳಿಯು ಚೆನ್ನಾಗಿ ತಗುಲಿದರೆ ಉಷ್ಣಮಾನವು ಇಳಿಯುವುದು ನಿಜ. ಗಾಳಿಯಿಲ್ಲದೆ ಇದ್ದರೆ ಏಣುಗಳು ಬರಿಯ ಅಲಂಕಾರ.

ಮೂರನೆಯದು, ಲೋಹ. ಅಲ್ಯೂಮಿನಿಯಮ್ ಮಿಶ್ರಲೋಹವು ಉಕ್ಕಿಗಿಂತ ಎರಡು ಮೂರು ಪಟ್ಟು ಚೆನ್ನಾಗಿ ಕಾವನ್ನು ಸಾಗಿಸುತ್ತದೆ. ಆದರೆ ಉಕ್ಕಿನ ಪಾತ್ರೆಯ ತಗಡು ಬಹು ತೆಳ್ಳಗಿರುವುದರಿಂದ ಕಾವಿಗೆ ಅಲ್ಲಿ ಅಡ್ಡಿಯೇ ಇಲ್ಲ. ಅಡ್ಡಿಯಿರುವುದು ತಗಡಿನ ಮೈಯಿಂದ ಗಾಳಿಗೆ ದಾಟುವಲ್ಲಿ. ಹೀಗಿರಲು ಲೋಹವನ್ನು ಬದಲಿಸಿದ ಮಾತ್ರಕ್ಕೆ ಹೇಳಿಕೊಳ್ಳುವಂತಹ ತಂಪು ಉಂಟಾಗದು. ಒಳಗೆ ಕೂಡಿಸುವ ಅಡ್ಡತಗಡುಗಳಾದರೋ ತೈಲವು ತುಳುಕದಂತೆ ತಡೆಯುವುವು; ವೇಗದ ಕಾರಿನಲ್ಲಿ ಈ ಒಂದು ಗುಣಕ್ಕಾಗಿಯೇ ಹೊಸ ಪಾತ್ರೆಯು ಹಣಕ್ಕೆ ತಕ್ಕ ಬೆಲೆಯುಳ್ಳದ್ದು.

ಇದಕ್ಕೆ ಪ್ರತಿಯಾಗಿ ತೊಂದರೆಗಳೂ ಇವೆ. ಆಳವಾದ ಪಾತ್ರೆಯು ನೆಲಕ್ಕೆ ಹತ್ತಿರವಾಗುತ್ತದೆ. ನಮ್ಮ ಹಳ್ಳಿಯ ದಾರಿಗಳ ಕಲ್ಲು, ಊರೂರಿನ ರಸ್ತೆಯುಬ್ಬು ಇವುಗಳಿಗೆ ತಾಗಿದರೆ ಉಕ್ಕಿನ ತಗಡು ತಗ್ಗಾಗಿ ಉಳಿಯಬಹುದು. ಎರಕದ ಅಲ್ಯೂಮಿನಿಯಮ್ ಬಿರಿಯುವ ಸಂಭವವೇ ಹೆಚ್ಚು. ಬಿರಿದರೆ ಕೆಲವೇ ನಿಮಿಷಗಳಲ್ಲಿ ತೈಲವೆಲ್ಲ ರಸ್ತೆಯ ಪಾಲು. ಪಾತ್ರೆಯು ಬದಲಾದಾಗ ಹಳೆಯ ಅಳತೆಗೋಲಿನ ಗುರುತುಗಳೂ ತಪ್ಪಾಗಬಹುದು. ಕಂಪನಿಯವರು ಕೊಟ್ಟ ಖಾತರಿಗೂ ಧಕ್ಕೆ ಬರಬಹುದು.

ಮಿತಿಮೀರಿದ ತಂಪೂ ಒಳ್ಳೆಯದಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡು ಮೈಲಿ ಓಡುವ ಕಾರಿನಲ್ಲಿ ತೈಲವು ಸಾಕಷ್ಟು ಕಾಯುವುದೇ ಇಲ್ಲ. ಉರಿದ ಇಂಧನದಿಂದ ಒಳಗೆ ಸೇರುವ ನೀರಿನ ಪಸೆಯು ಆವಿಯಾಗಿ ಹೋಗದೆ ತೈಲದಲ್ಲಿ ಬೆರೆತು ರಾಡಿಯಾಗುತ್ತದೆ. ಇಂತಹ ಗಾಡಿಗೆ ತಂಪಿನ ಪಾತ್ರೆಯನ್ನು ಕೂಡಿಸುವುದು ಚಳಿಯಿಂದ ನಡುಗುವವನಿಗೆ ಬೀಸಣಿಗೆಯನ್ನು ಬೀಸಿದಂತೆ. ಆದುದರಿಂದಲೇ ನಿಜವಾಗಿ ಕಾವೇರುವ ಗಾಡಿಗಳಿಗೆ, ತೈಲವು ಕಾಯುವ ತನಕ ದಾರಿಯನ್ನು ಮುಚ್ಚಿಟ್ಟು, ಕಾದ ಮೇಲೆ ತೆರೆಯುವ ಥರ್ಮೊಸ್ಟಾಟ್ ಉಳ್ಳ ಆಯಿಲ್ ಕೂಲರನ್ನು ಅನುಭವಸ್ಥರು ಮೆಚ್ಚುತ್ತಾರೆ.

ನಮ್ಮ ಸೀಮೆಯ ಗಾಡಿಗಳಿಗೆ

ಹಾವೇರಿ ಜಿಲ್ಲೆಯು ಗೋವಿನಜೋಳದ ಬೆಳೆಗೆ ಹೆಸರಾದುದು. ಸುಗ್ಗಿಯಲ್ಲಿ ಟ್ರ್ಯಾಕ್ಟರನ್ನು ಕಣದಲ್ಲಿ ನಿಲ್ಲಿಸಿ, ಅದರ ಬಲದಿಂದ ಒಕ್ಕಣೆಯ ಯಂತ್ರವನ್ನು ತಾಸುಗಟ್ಟಲೆ ತಿರುಗಿಸುವುದುಂಟು. ಆಗ ಗಾಡಿಯು ನಿಂತಲ್ಲೇ ನಿಂತಿರುವುದರಿಂದ ಅಡಿಯ ಪಾತ್ರೆಗೆ ಓಟದ ಗಾಳಿಯಿಲ್ಲ; ಮೇಲಾಗಿ ರವದಿಯ ಹೊಟ್ಟು ಹಾರಿ ರೇಡಿಯೇಟರಿನ ಜಾಲರಿಯನ್ನು ಮುಚ್ಚುತ್ತದೆ. ಬಹಳ ಟ್ರ್ಯಾಕ್ಟರುಗಳಲ್ಲಿ ಅಡಿಯ ಪಾತ್ರೆಯು ದಪ್ಪನೆಯ ಎರಕದ್ದಾಗಿದ್ದು ಗಾಡಿಯ ಬೆನ್ನೆಲುಬಿನ ಭಾಗವೇ ಆಗಿರುವುದರಿಂದ, ಅದನ್ನು ಬದಲಿಸುವ ಮಾತೇ ಇಲ್ಲ. ಅಲ್ಲಿ ಮಾಡತಕ್ಕದ್ದಿಷ್ಟೆ: ಗಾಳಿಯು ಹೊಟ್ಟನ್ನು ಆಚೆಗೆ ಒಯ್ಯುವಂತೆ ಗಾಡಿಯ ಮುಖವನ್ನು ತಿರುಗಿಸಿ ನಿಲ್ಲಿಸುವುದು, ಆಗಾಗ ಇಂಜಿನನ್ನು ನಿಲ್ಲಿಸಿ ಜಾಲರಿಯನ್ನು ಝಾಡಿಸುವುದು.

ಎರೆಯ ಹೊಲಗಳಲ್ಲಿ ಓಡಾಡುವ ಗಾಡಿಗಳಿಗೆ ಮತ್ತೊಂದು ಮಾತು. ಮಳೆಗಾಲದಲ್ಲಿ ಮೆತ್ತಿದ ಎರೆಮಣ್ಣು ಬೇಸಗೆಯ ತನಕ ಪಾತ್ರೆಯ ಮೈಮೇಲೆ ಒಣಗಿ ನಿಂತಿರುತ್ತದೆ. ಅದರ ಮೇಲೆ ಸೋರಿದ ತೈಲವು ಬಿದ್ದು ಧೂಳು ಅಂಟಿದರಂತೂ ಪಾತ್ರೆಗೆ ಕಂಬಳಿಯನ್ನು ಹೊದಿಸಿದಂತಾಯಿತು. ಅದನ್ನು ಕೆರೆದು ತೊಳೆದರೆ ಕಾಸಿನ ವೆಚ್ಚವಿಲ್ಲದೆ ತಂಪು ದೊರೆಯುವುದು. ಎಲ್ಲಿ ಸೋರುತ್ತಿದೆಯೆಂಬುದೂ ಆಗಲೇ ಕಣ್ಣಿಗೆ ಬೀಳುವುದು.

ಉಳಿದ ಎಚ್ಚರಿಕೆಗಳು ಸರಳವಾದುವು. ಕಂಪನಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ತೈಲವನ್ನೇ ಹಾಕಬೇಕು. ಹೇಳಿದ ಅವಧಿಗೆ ಅದನ್ನೂ ಶೋಧಕವನ್ನೂ ಬದಲಿಸಬೇಕು. ವಾರಕ್ಕೊಮ್ಮೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಅಳತೆಗೋಲನ್ನು ನೋಡಬೇಕು. ಗುರುತಿಗಿಂತ ಹೆಚ್ಚು ತುಂಬುವುದೂ ಕೇಡೇ. ಕ್ರ್ಯಾಂಕು ಅದನ್ನು ಕಡೆದು ನೊರೆಯೆಬ್ಬಿಸುತ್ತದೆ. ಟರ್ಬೊ ಉಳ್ಳ ಗಾಡಿಯು ಭಾರವನ್ನೆಳೆದು ಬಂದೊಡನೆ ಚಾವಿಯನ್ನು ತಿರುವದೆ, ಒಂದೆರಡು ನಿಮಿಷ ಇಂಜಿನನ್ನು ಮೆಲ್ಲಗೆ ನಡೆಯಗೊಟ್ಟು ಅನಂತರ ನಿಲ್ಲಿಸಬೇಕು. ತೈಲದ ಒತ್ತಡವನ್ನು ಸೂಚಿಸುವ ಕೆಂಪು ದೀಪವು ದಾರಿಯಲ್ಲಿ ಹತ್ತಿದರೆ ‘ಮುಂದಿನ ಊರಿಗೆ ಹೋಗಿ ನೋಡೋಣ’ ಎನ್ನಬಾರದು. ಸುರಕ್ಷಿತವಾದ ಬದಿಗೆ ಸರಿದು ತತ್‌ಕ್ಷಣ ಇಂಜಿನನ್ನು ನಿಲ್ಲಿಸಬೇಕು. ಆ ದೀಪವನ್ನು ಲೆಕ್ಕಿಸದೆ ಓಡಿದ ನಾಲ್ಕು ಮೈಲಿಗಾಗಿ ಇಡೀ ಇಂಜಿನಿನ ಬೆಲೆಯನ್ನು ತೆತ್ತವರುಂಟು.

ತೆಗೆದ ಹಳೆಯ ತೈಲವನ್ನು ಹಳ್ಳಕ್ಕೋ ಬಚ್ಚಲಿಗೋ ಚೆಲ್ಲುವುದು ಅಪರಾಧವೆಂದೇ ಭಾವಿಸಬೇಕು. ಸರಕಾರದ 2016ರ ನಿಯಮಗಳಲ್ಲಿ ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಗಣಿಸಲಾಗಿದೆ. ದನದ ಹುಣ್ಣಿಗೆ ಅದನ್ನು ಸವರುವ ರೂಢಿಯನ್ನೂ ಬಿಡಬೇಕು. ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಮಕ್ಕಳ ಕೈಗೆ ಸಿಗದಂತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಅನುಮತಿ ಪಡೆದ ಸಂಗ್ರಹಕಾರರಿಗೆ ಒಪ್ಪಿಸಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಪಂದ್ಯದ ಬಯಲಿನಲ್ಲಿ ಓಡುವ ಕಾರಿಗೆ ಹೊಸ ತೈಲಪಾತ್ರೆಯು ಭೂಷಣವೂ ಹೌದು, ರಕ್ಷಣೆಯೂ ಹೌದು. ಮನೆತನದ ಗಾಡಿಗೆ ಅಂತಹ ವೆಚ್ಚವನ್ನು ಮಾಡುವ ಮೊದಲು ಒಂದು ಉಷ್ಣಮಾಪಕವನ್ನು ಕೂಡಿಸಿ, ತೈಲವು ನಿಜವಾಗಿಯೂ ಮಿತಿಮೀರಿ ಕಾಯುತ್ತಿದೆಯೇ ಎಂದು ನೋಡುವುದು ಜಾಣತನವು. ರೋಗವನ್ನು ಗೊತ್ತುಮಾಡದೆ ಮದ್ದನ್ನು ಕೊಳ್ಳುವವರು ಯಾರು? ಹೆಚ್ಚಿನ ಗಾಡಿಗಳಿಗೆ ಬೇಕಾಗಿರುವುದು ಹೊಸ ಪಾತ್ರೆಯಲ್ಲ, ಇರುವ ಪಾತ್ರೆಯನ್ನು ಚೊಕ್ಕಟವಾಗಿಡುವ ಕೈ. ಅದು ಮನೆಯ ಯಜಮಾನನದಾದರೂ ಸರಿ, ಮಗನದಾದರೂ ಸರಿ, ಮಗಳದಾದರೂ ಸರಿ. ವಾರಕ್ಕೆ ಕಾಲು ತಾಸನ್ನು ಈ ಕೆಲಸಕ್ಕೆ ಕೊಟ್ಟರೆ ದುಡಿಯುವ ಇಂಜಿನು ಸಾಲವು ತೀರುವ ತನಕವೂ, ತೀರಿದ ಮೇಲೆಯೂ ಬಹುಕಾಲ ದುಡಿಯುವುದು.