ಹುಲ್ಲುಬಯಲಿನ ರೈತನ ಮಗ: ನೂರಹತ್ತು ವರ್ಷಗಳ ಒಂದು ಬಾಳು



ಅಡಿಕೆಯ ಕೊಳೆರೋಗ, ತೆಂಗಿನ ಸುಳಿಕೊಳೆ, ಮಳೆಗಾಲದ ಜ್ವರ - ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಇಂಥವುಗಳ ಕುರಿತು. ಈ ಸಲ ಒಬ್ಬ ರೈತನ ಮಗನ ಬಾಳನ್ನು ನೆನೆಯುತ್ತೇವೆ. ಹೆಸರು ಫ್ರಾಂಕ್ ಬಕಲ್ಸ್. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಲಕ್ಷಾಂತರ ಅಮೆರಿಕನ್ನರಲ್ಲಿ ಕೊನೆಗೆ ಉಳಿದವರು ಇವರೊಬ್ಬರೇ. 2011ರ ಫೆಬ್ರವರಿ 27ರಂದು, 110 ತುಂಬಿದ ಕೆಲವೇ ದಿನಗಳಲ್ಲಿ, ತಮ್ಮ ಹೊಲದ ಮನೆಯಲ್ಲಿ ತೀರಿಕೊಂಡರು. ಕೃಷಿ-ಆರೋಗ್ಯದ ಪುಟದಲ್ಲಿ ಸೈನಿಕನಿಗೇನು ಕೆಲಸ ಎನ್ನುವವರು ದಯವಿಟ್ಟು ಮುಂದೆ ಓದಬೇಕು.

1901ರಲ್ಲಿ ಮಿಸ್ಸೌರಿ ಸಂಸ್ಥಾನದ ಒಂದು ಹೊಲದ ಮನೆಯಲ್ಲಿ ಅವರ ಜನನ. ಎರಡು ವರ್ಷದ ಕೂಸಾಗಿದ್ದಾಗ ಅವರಿಗೂ ಅಣ್ಣನಿಗೂ ಸ್ಕಾರ್ಲೆಟ್ ಜ್ವರ ಬಂತು. ಪೆನಿಸಿಲಿನ್ ಇಲ್ಲದ ಕಾಲ. ಅಣ್ಣ ಹೋದ, ಇವರು ಉಳಿದರು. ಮುಂದೆ ಮನೆಯವರು ಓಕ್ಲಾಹೋಮದ ಹುಲ್ಲುಬಯಲಿಗೆ ವಲಸೆ ಹೊರಟಾಗ, ಹದಿನೈದರ ಹುಡುಗ ಕುದುರೆಗಳ ಜೊತೆ ರೈಲಿನ ಸರಕುಡಬ್ಬಿಯಲ್ಲಿ ಪ್ರಯಾಣ ಮಾಡಿದ.

1917ರಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಹುಡುಗನಿಗೆ ಹದಿನಾರು. ಒಂದೆರಡು ಕಡೆ ಬೇಡವೆಂದು ಕಳುಹಿಸಿದ ಮೇಲೆ ಭೂಸೇನೆಯ ಅಧಿಕಾರಿಯ ಮುಂದೆ ನಿಂತ. ನಮ್ಮಲ್ಲಿ ಜನನ ನೋಂದಣಿ ಇರಲಿಲ್ಲ, ಮನೆಯ ಬೈಬಲಿನಲ್ಲಿ ಮಾತ್ರ ಬರೆದಿದೆ, ಅದನ್ನು ಇಲ್ಲಿಯವರೆಗೆ ಹೊತ್ತು ತರಬೇಕೇ ಎಂದು ಕೇಳಿದ. ಸೇರಿಸಿಕೊಂಡರು! ಪವಿತ್ರ ಗ್ರಂಥದ ಮರೆಯಲ್ಲಿ ಹೇಳಿದ ಈ ಸುಳ್ಳನ್ನು ನಾವು ಮೆಚ್ಚುವಂತಿಲ್ಲ. ನಗು ಬಂದರೆ ದೇವರು ಕ್ಷಮಿಸಲಿ. ಟೈಟಾನಿಕ್ ದುರಂತದಲ್ಲಿ ಬದುಕಿದವರನ್ನು ಎತ್ತಿಕೊಂಡಿದ್ದ ಕಾರ್ಪೇಥಿಯ ಹಡಗಿನಲ್ಲೇ ಯೂರೋಪಿಗೆ ಹೋದ ಆತ ಗಾಯಾಳುಗಳ ಆಂಬುಲೆನ್ಸ್ ಓಡಿಸಿದ. ಯುದ್ಧ ಮುಗಿದ ಮೇಲೆ ಜರ್ಮನ್ ಕೈದಿಗಳನ್ನು ಅವರ ನಾಡಿಗೆ ಮುಟ್ಟಿಸಿ ಬಂದ.

ಆಮೇಲೆ ಹಡಗು ಕಂಪೆನಿಗಳ ನೌಕರಿ, ದೇಶದೇಶ ಸುತ್ತಾಟ. ಇತ್ತ ಊರಿನಲ್ಲಿ ತಂದೆ ಕಷ್ಟಕ್ಕೆ ಸಿಕ್ಕಿದ್ದರು. ಆ ಬಯಲಿನ ಹುಲ್ಲಿನ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿದಿಟ್ಟಿತ್ತು. ಯುದ್ಧಕಾಲದಲ್ಲಿ ಗೋಧಿಗೆ ಬೆಲೆ ಏರಿದ್ದೇ ತಡ, ಜನ ಹುಲ್ಲನ್ನು ಉತ್ತು ಮಗುಚಿದರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಬರಿಮೈ ಮಣ್ಣನ್ನು ಗಾಳಿ ಹೊತ್ತೊಯ್ದಿತು. ಹಾಡುಹಗಲೇ ಕತ್ತಲೆ ಕವಿಯುವಷ್ಟು ಧೂಳು. ಗುಡ್ಡದ ಮೈ ಕೆರೆದು ರಬ್ಬರ್ ನೆಟ್ಟು, ಮೊದಲ ಮಳೆಗೆ ಕೆಂಪು ನೀರು ಹರಿಯುವುದನ್ನು ಕಂಡ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. 1936ರಲ್ಲಿ ಸರಕಾರ ಹಳೆಯ ಸೈನಿಕರಿಗೆ ಕೊಟ್ಟ ಬೋನಸ್ ಹಣ, 800 ಡಾಲರ್, ಬಕಲ್ಸರ ಕೈಗೆ ಬಂತು. ಅದನ್ನು ತಂದೆಯ ಕೈಗಿಟ್ಟರು. ಅವರ ಎದೆಗೆ ಏರಿದ ಎಲ್ಲ ಪದಕಗಳಿಗಿಂತ ಇದು ನಮಗೆ ದೊಡ್ಡದಾಗಿ ಕಾಣುತ್ತದೆ.

ಎರಡನೆಯ ಯುದ್ಧ ಬಂದಾಗ ಅವರು ಮನಿಲಾದಲ್ಲಿ ನೌಕರರು, ಸೈನಿಕರಲ್ಲ. 1942ರ ಜನವರಿಯಲ್ಲಿ ಜಪಾನೀಯರು ಅಲ್ಲಿನ ವಿದೇಶೀಯರನ್ನು ಹಿಡಿದು ಸಾಂತೊ ತೋಮಾಸ್ ವಿಶ್ವವಿದ್ಯಾನಿಲಯದಲ್ಲಿ ಕೂಡಿಹಾಕಿದರು. ಇದು 1611ರಲ್ಲಿ ದೊಮಿನಿಕನ್ ಗುರುಗಳ ಸಭೆ ಸ್ಥಾಪಿಸಿದ ವಿದ್ಯಾಪೀಠ. ಬಳಿಕ ಬಕಲ್ಸರನ್ನು ಲೋಸ್ ಬಾನ್ಯೋಸ್ ಶಿಬಿರಕ್ಕೆ ಸಾಗಿಸಿದರು. ಗುರುಗಳೂ ಕನ್ಯಾಸ್ತ್ರೀಯರೂ ಎಷ್ಟು ಮಂದಿ ಇದ್ದರೆಂದರೆ, ಅವರಿದ್ದ ಭಾಗಕ್ಕೆ ಕೈದಿಗಳು 'ವ್ಯಾಟಿಕನ್ ನಗರ' ಎಂದೇ ಹೆಸರಿಟ್ಟಿದ್ದರು. ಶಿಬಿರವಿದ್ದ ಜಾಗ ಒಂದು ಕೃಷಿ ಕಾಲೇಜು. ಕೃಷಿ ಕಲಿಸುವ ನೆಲದಲ್ಲಿ ಜನ ಹಸಿವಿನಿಂದ ಸೊರಗಿದರು. ಬಕಲ್ಸರ ತೂಕ 45 ಕಿಲೋಗ್ರಾಮಿನ ಆಸುಪಾಸಿಗೆ ಇಳಿಯಿತು. ಬೆರಿಬೆರಿ ರೋಗ ಹಿಡಿಯಿತು. ಆ ಸ್ಥಿತಿಯಲ್ಲೂ ಅವರು ಜೊತೆಗಾರರನ್ನು ಸೇರಿಸಿಕೊಂಡು ವ್ಯಾಯಾಮ ಮಾಡಿಸುತ್ತಿದ್ದರು.

ಈ ಬೆರಿಬೆರಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಇದು ಅನ್ನ ಉಣ್ಣುವವರ ರೋಗ. ಬಿ-1 ಜೀವಸತ್ವದ ಕೊರತೆಯಿಂದ ಬರುತ್ತದೆ. ಕಾಲು ಜೋಮುಹಿಡಿದು ಬಲಗುಂದುತ್ತದೆ. ಕೆಲವರಿಗೆ ಊತ ಬಂದು ಹೃದಯ ಸೋಲುತ್ತದೆ. ಈ ಸತ್ವ ಇರುವುದು ಅಕ್ಕಿಯ ಮೇಲಿನ ತೌಡಿನಲ್ಲಿ. ಮಿಲ್ಲಿನಲ್ಲಿ ಬೆಳ್ಳಗೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅದರ ಬಹುಪಾಲು ಹೋಗಿರುತ್ತದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಮಾಡುವ ನಮ್ಮ ಕುಚ್ಚಲಕ್ಕಿಯಲ್ಲಾದರೋ ಸತ್ವ ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಅಜ್ಜಿಯರು ನೀರು ಬಸಿಯದೆ ಕೊಡುತ್ತಿದ್ದ ಗಂಜಿ ಬಡವರ ಊಟವೆಂದು ಮೂಗು ಮುರಿಯಬೇಡಿ. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಡಾಕ್ಟರ್ ಮೆಕ್ಯಾರಿಸನ್ ಬೆರಿಬೆರಿಯ ಅಧ್ಯಯನಕ್ಕೆಂದೇ ಆರಂಭಿಸಿದ ಪುಟ್ಟ ಘಟಕವೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿ ಬೆಳೆಯಿತು. ಈಗಲೂ ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ ಈ ಕೊರತೆ ಕಾಣುತ್ತದೆ. ಕಾಲು ಜೋಮಿಗೆ ಮಧುಮೇಹವೂ ಕಾರಣವಾಗಬಹುದು. ಎಣ್ಣೆ ತಿಕ್ಕುತ್ತಾ ಕೂರದೆ ವೈದ್ಯರಿಗೆ ತೋರಿಸಿ.

1945ರ ಫೆಬ್ರವರಿ 23ರ ಬೆಳಗ್ಗೆ, ಕಾವಲಿನವರು ಆಯುಧ ಬದಿಗಿಟ್ಟು ವ್ಯಾಯಾಮದಲ್ಲಿದ್ದ ಹೊತ್ತಿಗೆ, ಅಮೆರಿಕದ ಪ್ಯಾರಾಚೂಟ್ ಸೈನಿಕರೂ ಫಿಲಿಪ್ಪೀನ್ಸಿನ ಗೆರಿಲ್ಲಾಗಳೂ ಮುತ್ತಿ 2,100ಕ್ಕೂ ಹೆಚ್ಚು ಕೈದಿಗಳನ್ನು ಬಿಡಿಸಿದರು. ಆಮೇಲೆ ಸುತ್ತಲಿನ ಹಳ್ಳಿಗಳ ನಿರಪರಾಧಿ ಜನ ಸೇಡಿಗೆ ಬಲಿಯಾದರು. ಆ ಬಿಡುಗಡೆಯ ಕಥೆ ಹೇಳುವಾಗ ಅವರನ್ನು ಮರೆಯುವುದು ಸರಿಯಲ್ಲ.

ಬಕಲ್ಸ್ ಮದುವೆಯಾಗಿ, 1954ರಲ್ಲಿ ವೆಸ್ಟ್ ವರ್ಜೀನಿಯದಲ್ಲಿ ಸುಮಾರು 330 ಎಕರೆ ಹೊಲ ಕೊಂಡು ದನ ಸಾಕಿದರು. ಸಮುದ್ರ ಸುತ್ತಿದ್ದು ಸಾಕಾಗಿತ್ತು. ನೂರು ದಾಟಿದ ಮೇಲೂ ಟ್ರ್ಯಾಕ್ಟರ್ ಹತ್ತುತ್ತಿದ್ದರು, ವ್ಯಾಯಾಮ ಬಿಡಲಿಲ್ಲ. ಶಿಬಿರದಲ್ಲಿ ಉಣ್ಣುತ್ತಿದ್ದ ತಗಡಿನ ಲೋಟವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಆಯುಸ್ಸು ಕೊಡುವವನು ದೇವರು, ಅದರ ಗುಟ್ಟನ್ನು ನಾವು ಹೇಳಲಾರೆವು. ಅವರಷ್ಟೇ ದುಡಿದು ಐವತ್ತಕ್ಕೇ ಹೋದವರೂ ನಮ್ಮ ಸ್ಮಶಾನದಲ್ಲಿದ್ದಾರೆ.

2009ರ ಡಿಸೆಂಬರಿನಲ್ಲಿ, 108ನೆಯ ವಯಸ್ಸಿನಲ್ಲಿ, ಅವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಗಾಲಿಕುರ್ಚಿಯಲ್ಲಿ ಹಾಜರಾದರು. ಕೇಳಿದ್ದು ತಮಗಾಗಿ ಅಲ್ಲ, ತಮ್ಮ ಜೊತೆ ಯುದ್ಧಕ್ಕೆ ಹೋದವರಿಗೆ ರಾಜಧಾನಿಯಲ್ಲಿ ಒಂದು ರಾಷ್ಟ್ರೀಯ ಸ್ಮಾರಕ. ಅದು ತೆರೆದದ್ದು 2021ರಲ್ಲಿ. ಅಷ್ಟರಲ್ಲಿ ಅವರನ್ನು ಆರ್ಲಿಂಗ್ಟನ್ ಸ್ಮಶಾನದಲ್ಲಿ ಮಣ್ಣುಮಾಡಿ ಹತ್ತು ವರ್ಷ ಕಳೆದಿತ್ತು.